ಆನೆಗಳ ಜೊತೆ ಐವತ್ತು ವರ್ಷ: ಶಾಲೆಯ ಸೂಚನಾ ಪುಸ್ತಕದಿಂದ ಒಂದು ಇತಿಹಾಸ

ಸುವರ್ಣ ಮಹೋತ್ಸವದ ಸ್ಮರಣ ಸಂಚಿಕೆಗೆ ಏನಾದರೂ ಬರೆದುಕೊಡಪ್ಪ ಎಂದು ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರು ಫೋನ್ ಮಾಡಿದಾಗ ನಾನು ಬೆಂಗಳೂರಿನ ಆಫೀಸಿನಲ್ಲಿದ್ದೆ. “ಸಾರ್, ನಾನು ಕಂಪ್ಯೂಟರಿಗೆ ಬರೆಯೋನು, ಜನ ಓದೋ ಹಾಗೆ ಬರೆದು ಅಭ್ಯಾಸ ಇಲ್ಲ” ಎಂದೆ. “ಸಮಾಜಕ್ಕೆ ತೊಂಬತ್ತೆರಡು ತಗೊಂಡೋನು ನೀನು. ಊರಿನ ಇತಿಹಾಸ ಬರಿ” ಎಂದು ಹೇಳಿ ಫೋನ್ ಇಟ್ಟರು. ಅವರ ಮಾತನ್ನು ಆಗಲೂ ಮೀರಿದವನಲ್ಲ, ಈಗಲೂ ಮೀರುವ ಧೈರ್ಯವಿಲ್ಲ.

ಆಲೂರು ಮತ್ತು ಸಕಲೇಶಪುರದ ನಡುವಿನ ನಮ್ಮಂಥ ಸಣ್ಣ ಊರಿಗೆ ಕೋಟೆ ಇಲ್ಲ, ಅರಮನೆ ಇಲ್ಲ. ಏನು ಬರೆಯುವುದು ಎಂದು ತಿಳಿಯದೆ ಒಂದು ಶನಿವಾರ ಶಾಲೆಗೆ ಬಂದೆ. ಮುಖ್ಯೋಪಾಧ್ಯಾಯಿನಿಯವರು ಹಳೆಯ ಬೀರುವಿನ ಬೀಗ ತೆಗೆಸಿಕೊಟ್ಟರು. ಹಾಜರಿ ಪುಸ್ತಕಗಳ ಕೆಳಗೆ, ಗೆದ್ದಲು ಹಿಡಿಯದೆ ಉಳಿದಿದ್ದ ಸೂಚನಾ ಪುಸ್ತಕಗಳು ಸಿಕ್ಕವು. ಜವಾನರು ತರಗತಿಯಿಂದ ತರಗತಿಗೆ ಹಿಡಿದು ತರುತ್ತಿದ್ದ ಉದ್ದನೆಯ ಪುಸ್ತಕ ನಿಮಗೆಲ್ಲ ನೆನಪಿರಬೇಕು. ಅದು ಬಾಗಿಲಲ್ಲಿ ಕಂಡರೆ ನಾಳೆ ರಜೆಯೇನೋ ಎಂದು ನಾವು ಕಿವಿ ನಿಮಿರಿಸುತ್ತಿದ್ದೆವು.

1974ರಲ್ಲಿ ಶುರುವಾದ ಶಾಲೆಯ ಮೊದಲ ವರ್ಷಗಳ ಪುಟಗಳಲ್ಲಿ ಇರುವುದೆಲ್ಲ ಮಳೆ ರಜೆ, ಹೊಳೆ ತುಂಬಿದ್ದು, ಸ್ವಾತಂತ್ರ್ಯ ದಿನದ ಸಿಹಿ. ಕೆಲವು ವರ್ಷಗಳ ನಂತರ ಒಂದು ಪುಟದಲ್ಲಿ ಹೊಸ ಶಬ್ದವೊಂದು ಕಾಣಿಸಿಕೊಳ್ಳುತ್ತದೆ: ಆನೆ. ತೋಟದ ದಾರಿಯಲ್ಲಿ ಆನೆ ಇರುವುದರಿಂದ ಸಂಜೆ ಒಂದು ಗಂಟೆ ಮೊದಲೇ ಶಾಲೆ ಬಿಡಲಾಗುವುದು ಎಂಬ ಸೂಚನೆ ಅದು. ಆಮೇಲೆ ಅಪರೂಪಕ್ಕೊಮ್ಮೆ ಕಾಣುತ್ತಿದ್ದ ಆ ಶಬ್ದ ವರ್ಷಕ್ಕೊಮ್ಮೆ, ಕೊಯ್ಲಿನ ಕಾಲಕ್ಕೊಮ್ಮೆ, ಕಡೆಗೆ ವಾರಕ್ಕೊಮ್ಮೆ ಬರತೊಡಗುತ್ತದೆ. ಪುಸ್ತಕ ಮುಚ್ಚಿಟ್ಟಾಗ ನನಗೆ ಬರೆಯಬೇಕಾದ ಇತಿಹಾಸ ಸಿಕ್ಕಿತ್ತು.

ಕಲ್ಲಿನಲ್ಲಿ ಕೆತ್ತಿದ ಕಾಲ

ಕಾಡುಪ್ರಾಣಿ ಮತ್ತು ಮನುಷ್ಯರ ಜಗಳ ನಮ್ಮ ನಾಡಿಗೆ ಹೊಸದಲ್ಲ. ಹೊಯ್ಸಳರ ಲಾಂಛನವೇ ಹುಲಿಯೊಡನೆ ಕಾದಾಡುವ ಸಳ. ಆ ಕಥೆ ನಡೆಯಿತೆನ್ನುವ ಸೊಸೆವೂರು, ಅಂದರೆ ಇಂದಿನ ಅಂಗಡಿ ಗ್ರಾಮ, ಪಕ್ಕದ ಮೂಡಿಗೆರೆ ತಾಲ್ಲೂಕಿನಲ್ಲಿದೆ. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ಕ್ರಿ.ಶ. 949ರ ಕಾಲದ ಶಾಸನವೊಂದು ಸಿಕ್ಕಿದೆ. ಗಂಗರ ಬೂತುಗನಿಂದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿ ಪಡೆದದ್ದು ಕಾಳಿ ಎಂಬ ಬೇಟೆನಾಯಿಯನ್ನು. ಆ ಕಾಳಿ ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿ, ಪೂಜೆಗೆಂದು ಭೂಮಿಯನ್ನೂ ಬಿಡಲಾಯಿತು. ಹುಲಿ, ಹಂದಿಗಳೊಡನೆ ಹೋರಾಡಿ ಸತ್ತವರ ವೀರಗಲ್ಲುಗಳು ಕರ್ನಾಟಕದ ಹಲವು ಊರುಗಳಲ್ಲಿವೆ. ಸತ್ತವನನ್ನು ಊರು ಮರೆಯುತ್ತಿರಲಿಲ್ಲ ಎನ್ನುವುದಕ್ಕೆ ಆ ಕಲ್ಲುಗಳು ಸಾಕ್ಷಿ.

ಆನೆಯ ಕಥೆ ಸ್ವಲ್ಪ ಬೇರೆ. ಆನೆಯನ್ನು ಕೊಲ್ಲುವುದಕ್ಕಿಂತ ಹಿಡಿದು ಪಳಗಿಸುವುದರಲ್ಲಿ ಅರಸರಿಗೆ ಲಾಭವಿತ್ತು. ಮೈಸೂರು ಸಂಸ್ಥಾನದಲ್ಲಿ ಕಾಲುವೆಗಳ ಉಸ್ತುವಾರಿ ನೋಡಿಕೊಳ್ಳುತ್ತಿದ್ದ ಜಿ.ಪಿ. ಸ್ಯಾಂಡರ್ಸನ್ ಎಂಬ ಆಂಗ್ಲ ಅಧಿಕಾರಿ 1874ರಲ್ಲಿ ಚಾಮರಾಜನಗರದ ಕಡೆ ಖೆಡ್ಡಾ ನಡೆಸಿ ಇಡೀ ಹಿಂಡನ್ನೇ ಹಿಡಿದ. ಮುಂದೆ ಕಬಿನಿ ದಂಡೆಯ ಕಾಕನಕೋಟೆಯ ಖೆಡ್ಡಾ ದೇಶವಿದೇಶದಲ್ಲಿ ಹೆಸರಾಯಿತು. ನೂರಾರು ಜನ ತಮಟೆ, ಪಂಜು ಹಿಡಿದು ಹಿಂಡನ್ನು ಹೊಳೆ ದಾಟಿಸಿ ದೊಡ್ಡಿಗೆ ಅಟ್ಟುತ್ತಿದ್ದರು. ಕಾಕನಕೋಟೆಯ ಕೊನೆಯ ಖೆಡ್ಡಾ ನಡೆದದ್ದು 1971ರಲ್ಲಿ. ಮರುವರ್ಷವೇ, 1972ರಲ್ಲಿ, ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. 1977ರಲ್ಲಿ ಆನೆಯನ್ನು ಆ ಕಾಯ್ದೆಯ ಮೊದಲನೆಯ ಅನುಸೂಚಿಗೆ ಸೇರಿಸಿ, ಅತ್ಯಂತ ಹೆಚ್ಚಿನ ರಕ್ಷಣೆ ಕೊಡಲಾಯಿತು.

ಈ ಎರಡು ಇಸವಿಗಳ ನಡುವೆ, 1974ರಲ್ಲಿ, ನಮ್ಮ ಶಾಲೆ ಹುಟ್ಟಿತು. ಆನೆಯನ್ನು ಹಿಡಿಯುವ ಕಾಲ ಮುಗಿದು ಕಾಪಾಡುವ ಕಾಲ ಶುರುವಾದ ಹೊತ್ತಿಗೆ ನಮ್ಮ ಶಾಲೆಯ ಗಂಟೆಯೂ ಮೊದಲ ಬಾರಿ ಬಾರಿಸಿತು.

ಅಣೆಕಟ್ಟು, ಮುಳುಗಡೆ, ತೋಟ

ಗೊರೂರಿನಲ್ಲಿ ಹೇಮಾವತಿ ಅಣೆಕಟ್ಟಿನ ಕೆಲಸ 1968ರಲ್ಲಿ ಶುರುವಾಗಿ 1979ರಲ್ಲಿ ಮುಗಿಯಿತು. ಮೊದಲ ತಂಡದ ವಿದ್ಯಾರ್ಥಿಗಳಲ್ಲಿ ಮುಳುಗಡೆಯಾಗುವ ಊರುಗಳಿಂದ ಬಂದವರೂ ಇದ್ದರು ಎಂದು ಆ ತಂಡದ ಹಿರಿಯರೊಬ್ಬರು ನನಗೆ ಹೇಳಿದರು. ಅವರ ಮನೆಯವರು ಎತ್ತಿನ ಗಾಡಿಯಲ್ಲಿ ಬಾಗಿಲು, ಕಿಟಕಿ, ತೊಲೆಗಳನ್ನು ಹೇರಿಕೊಂಡು ಬಂದು ಹೊಸ ಜಾಗದಲ್ಲಿ ಮನೆ ಕಟ್ಟಿದ್ದರು. ಮುಳುಗಿದ ಊರುಗಳ ಗುರುತಾಗಿ ಇಂದಿಗೂ ನೀರಿನ ನಡುವೆ ನಿಂತಿರುವುದು ಶೆಟ್ಟಿಹಳ್ಳಿಯ ಚರ್ಚು.

ನೀರು ನಿಂತಾಗ ಮನುಷ್ಯರ ಹಾಗೆ ಕಾಡುಪ್ರಾಣಿಗಳ ದಾರಿಯೂ ಬದಲಾಗುತ್ತದೆ. ಒಂದು ಕಡೆ ಹಿನ್ನೀರು, ಇನ್ನೊಂದು ಕಡೆ ರಸ್ತೆ, ಗದ್ದೆ, ಹೊಸ ಊರು. ನಡುವೆ ಉಳಿದದ್ದು ತುಂಡು ತುಂಡಾದ ಕಾಡು. ಅದಕ್ಕೆ ಹೊಂದಿಕೊಂಡೇ ಕಾಫಿ ತೋಟಗಳು. ತೋಟದಲ್ಲಿ ಹಗಲಿಗೆ ನೆರಳು ಇದೆ, ಕೆರೆಯಲ್ಲಿ ಬೇಸಿಗೆಯಲ್ಲೂ ನೀರಿದೆ, ಹಲಸು, ಬಾಳೆ, ಬೈನೆ ಇದೆ. ಪಕ್ಕದಲ್ಲೇ ತೆನೆ ಬಿಟ್ಟ ರಾಜಮುಡಿ ಭತ್ತದ ಗದ್ದೆ. ದಿನಕ್ಕೆ ನೂರೈವತ್ತು ಕಿಲೋ ಸೊಪ್ಪುಸದೆ ಬೇಕಾದ ಪ್ರಾಣಿಗೆ ಇದಕ್ಕಿಂತ ಒಳ್ಳೆಯ ಜಾಗ ಯಾವುದು? ಕೊಡಗಿನ ಕಡೆಯಿಂದ ಬಂದ ಆನೆಗಳು ಮೊದಮೊದಲು ಬಂದು ಹೋಗುತ್ತಿದ್ದವು. ಆಮೇಲೆ ಇಲ್ಲೇ ಮರಿ ಹಾಕಿದವು. ಇಲ್ಲಿ ಹುಟ್ಟಿದ ಮರಿಗೆ ಕಾಫಿ ತೋಟವೇ ಕಾಡು. ಅದನ್ನು ಹೊರಗಿನದು ಎಂದು ಹೇಗೆ ಹೇಳುವುದು?

ಮೊದಲು ಬಂದಾಗ ಊರಿನವರು ಕೈಮುಗಿದಿದ್ದರಂತೆ. ನಮ್ಮ ಅಜ್ಜಿ ಬೆಲ್ಲ, ಬಾಳೆಹಣ್ಣು ಇಟ್ಟು “ಗಣಪ್ಪ, ಬಂದ ದಾರೀಲಿ ಹೋಗಪ್ಪ” ಎಂದಿದ್ದನ್ನು ಅಪ್ಪ ನಗುತ್ತಾ ಹೇಳುತ್ತಿದ್ದರು. ಮೂರನೆಯ ವರ್ಷ ಗದ್ದೆಯ ಅರ್ಧ ಭತ್ತ ನೆಲಕ್ಕೆ ಸೇರಿದಾಗ ಅದೇ ಅಜ್ಜಿ ತಗಡಿನ ಡಬ್ಬ ಬಡಿಯುತ್ತಾ ರಾತ್ರಿಯಿಡೀ ಕೂತಿದ್ದರು.

ನಮ್ಮ ಕಾಲ

ನಾನು ಇಲ್ಲಿ ಓದಿದ್ದು 2001ರಿಂದ 2004ರವರೆಗೆ. ಆ ಹೊತ್ತಿಗೆ ಆನೆ ದಿನನಿತ್ಯದ ವಿಷಯವಾಗಿತ್ತು. ಹೋಂವರ್ಕ್ ಮಾಡಿಲ್ಲ ಎನ್ನಲು ಒಳ್ಳೆಯ ನೆಪವೂ ಆಗಿತ್ತು. ಅಪ್ಪಂದಿರು ಅಟ್ಟಣಿಗೆಯ ಮೇಲೆ ಪಂಜು, ಗರ್ನಾಲು ಇಟ್ಟುಕೊಂಡು ಗದ್ದೆ ಕಾಯುತ್ತಿದ್ದರು. ಬೆಳಿಗ್ಗೆ ಅವರ ಕಣ್ಣು ಕೆಂಪಗಿರುತ್ತಿತ್ತು.

ಹತ್ತನೇ ತರಗತಿಯ ಕೊಯ್ಲಿನ ಸಮಯ. ಬೆಂಚಿನಲ್ಲಿ ನನ್ನ ಪಕ್ಕ ಕೂರುತ್ತಿದ್ದ ಗೆಳೆಯ ಒಂದು ದಿನ ಬರಲಿಲ್ಲ. ಎರಡನೆಯ ಪಿರಿಯಡ್ಡಿಗೆ ಸೂಚನಾ ಪುಸ್ತಕ ಬಂತು. ಮೇಷ್ಟ್ರು ಓದಲು ಹೋಗಿ ನಿಲ್ಲಿಸಿ, ಕನ್ನಡಕ ತೆಗೆದು, ಮತ್ತೆ ಹಾಕಿಕೊಂಡರು. ಗದ್ದೆ ಕಾಯಲು ಹೋಗಿದ್ದ ಅವನ ಅಪ್ಪ ಬೆಳಗಿನ ಜಾವ ಮನೆಗೆ ಬರುವಾಗ ತೋಟದ ತಿರುವಿನಲ್ಲಿ ಒಂಟಿ ಸಲಗ ಎದುರಾಗಿತ್ತು. ಆ ದಿನ ಶಾಲೆಗೆ ರಜೆ ಕೊಟ್ಟರು. ಪುಸ್ತಕ ಕಂಡು ರಜೆಯ ಆಸೆಯಿಂದ ಕಿವಿ ನಿಮಿರಿಸಿದ್ದವರಲ್ಲಿ ನಾನೂ ಒಬ್ಬ ಎಂಬುದು ಇವತ್ತಿಗೂ ನನ್ನ ಮನಸ್ಸಿನಲ್ಲಿದೆ.

ಗೆಳೆಯ ಆ ವರ್ಷ ಪರೀಕ್ಷೆಗೆ ಕೂರಲಿಲ್ಲ. ನಾನು ಪಿಯುಸಿ, ಆಮೇಲೆ ಬಿ.ಇ., ಆಮೇಲೆ ಬೆಂಗಳೂರು ಎಂದು ಹೊರಟೆ. ಅವನು ತೋಟದ ಕೆಲಸಕ್ಕೆ ಹೋದ. ಸೂಚನಾ ಪುಸ್ತಕದ ಆ ಪುಟವನ್ನು ಮೊನ್ನೆ ನೋಡಿದೆ. ಎರಡೇ ಸಾಲು.

ಸರ್ಕಾರ ಮಾಡಿದ ಪ್ರಯತ್ನಗಳು

ಏನೂ ಮಾಡಲಿಲ್ಲ ಎಂದು ಹೇಳಿದರೆ ತಪ್ಪಾಗುತ್ತದೆ. ಕಂದಕ ತೋಡಿದರು. ನಮ್ಮ ಕಡೆಯ ಮಳೆಗೆ ಕಂದಕದ ಅಂಚು ಕುಸಿಯಿತು, ಕುಸಿದ ಕಡೆಯಿಂದ ಆನೆ ದಾಟಿತು. ಸೋಲಾರ್ ಬೇಲಿ ಹಾಕಿದರು. ಬಳ್ಳಿ ಬೆಳೆದು ತಂತಿಗೆ ತಾಗಿದರೆ ಕರೆಂಟು ನೆಲಕ್ಕೆ ಇಳಿಯುತ್ತದೆ, ಬ್ಯಾಟರಿ ನೋಡುವವರಿಲ್ಲದಿದ್ದರೆ ಅದು ಬರೀ ತಂತಿ. ಒಣಮರವನ್ನು ಬೇಲಿಯ ಮೇಲೆ ಬೀಳಿಸಿ ದಾಟುವಷ್ಟು ಬುದ್ಧಿ ಆನೆಗೂ ಇದೆ. ನಾಗರಹೊಳೆಯ ಅಂಚಿನಲ್ಲಿ ಹಳೆಯ ರೈಲು ಕಂಬಿಗಳ ಬೇಲಿ ಹಾಕಿದ್ದಾರೆ. ಅದು ಗಟ್ಟಿ, ಆದರೆ ದುಬಾರಿ. ಕಾಡು ಒಂದು ಕಡೆ, ಊರು ಇನ್ನೊಂದು ಕಡೆ ಇರುವಲ್ಲಿ ಇಂಥ ಬೇಲಿಗೆ ಅರ್ಥವಿದೆ. ಆನೆಗಳು ತೋಟದೊಳಗೇ ವಾಸಿಸುವ ನಮ್ಮಲ್ಲಿ ಬೇಲಿಯ ಯಾವ ಬದಿಗೆ ಯಾರನ್ನು ನಿಲ್ಲಿಸುವುದು?

ಕೊನೆಗೆ ವಿಷಯ ಹೈಕೋರ್ಟಿಗೆ ಹೋಯಿತು. ನ್ಯಾಯಾಲಯದ ನಿರ್ದೇಶನದಂತೆ ರಚನೆಯಾದ, ಭಾರತೀಯ ವಿಜ್ಞಾನ ಸಂಸ್ಥೆಯ ಪ್ರೊ. ರಾಮನ್ ಸುಕುಮಾರ್ ಅಧ್ಯಕ್ಷತೆಯ ಕರ್ನಾಟಕ ಆನೆ ಕಾರ್ಯಪಡೆ 2012ರಲ್ಲಿ ವರದಿ ಕೊಟ್ಟಿತು. ಆನೆಗೇ ಆದ್ಯತೆ ಇರಬೇಕಾದ ಪ್ರದೇಶ, ಮನುಷ್ಯರೂ ಆನೆಯೂ ಹೊಂದಿಕೊಂಡು ಬಾಳಬೇಕಾದ ಪ್ರದೇಶ, ಆನೆಗಳನ್ನು ತೆರವು ಮಾಡಬೇಕಾದ ಪ್ರದೇಶ ಎಂದು ಅದು ಮೂರು ಭಾಗ ಮಾಡಿತು. ನಮ್ಮ ಆಲೂರು ಸೀಮೆ ತೆರವಿನ ಪಟ್ಟಿಗೆ ಬಂತು. 2014ರ ಹೊತ್ತಿನ ಕಾರ್ಯಾಚರಣೆಯಲ್ಲಿ 22 ಆನೆಗಳನ್ನು ಹಿಡಿದರು. ಊರಿನಲ್ಲಿ ಹಬ್ಬದ ವಾತಾವರಣ ಎಂದು ಅಪ್ಪ ಫೋನಿನಲ್ಲಿ ಹೇಳಿದ್ದರು. ಆ ಸಂತೋಷ ಬಹಳ ದಿನ ಉಳಿಯಲಿಲ್ಲ. ನೆರಳು, ನೀರು, ಭತ್ತ ಇದ್ದ ಹಾಗೇ ಇದ್ದವು. ಖಾಲಿಯಾದ ಜಾಗಕ್ಕೆ ಬೇರೆ ಆನೆಗಳು ಬಂದವು.

ಪರಿಹಾರದ ಮೊತ್ತವೂ ಏರಿತು. ಆನೆ ದಾಳಿಯಲ್ಲಿ ಸತ್ತವರ ಕುಟುಂಬಕ್ಕೆ ಕೊಡುವ ಹಣವನ್ನು 2022ರ ಕೊನೆಯಲ್ಲಿ ಏಳೂವರೆ ಲಕ್ಷದಿಂದ 15 ಲಕ್ಷಕ್ಕೆ ಏರಿಸಿದರು. ಅದು ಬೇಕು, ಇನ್ನೂ ಬೇಗ ಸಿಗಬೇಕು. ಆದರೆ ಆ ಹಣ ಪಡೆದ ಮನೆಯ ಮುಂದೆ ಹಾದುಹೋಗುವಾಗ ಯಾರೂ ಅದನ್ನು ಲಾಭ ಎಂದುಕೊಳ್ಳುವುದಿಲ್ಲ.

2023ರ ಡಿಸೆಂಬರ್ 4ರಂದು ಯಸಳೂರಿನ ಬಳಿ ಕಾಡಾನೆ ಹಿಡಿಯುವ ಕಾರ್ಯಾಚರಣೆಯಲ್ಲಿ ಸಾಕಾನೆ ಅರ್ಜುನ ಸಲಗವೊಂದರೊಡನೆ ಕಾದಾಡಿ ಸತ್ತ ಸುದ್ದಿ ಇಡೀ ರಾಜ್ಯವನ್ನು ಅಳಿಸಿತು. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಚಿನ್ನದ ಅಂಬಾರಿ ಹೊತ್ತ ಆನೆ ಅದು. ಅರ್ಜುನನನ್ನು ಹಿಡಿದದ್ದು 1968ರಲ್ಲಿ, ಕಾಕನಕೋಟೆಯ ಖೆಡ್ಡಾದಲ್ಲಿ. ಹೇಮಾವತಿ ಅಣೆಕಟ್ಟಿನ ಕೆಲಸ ಶುರುವಾದ ವರ್ಷವೂ ಅದೇ. ಕಾಡಿನಿಂದ ಮನುಷ್ಯರು ಹಿಡಿದು ತಂದ ಆನೆ, ಮನುಷ್ಯರಿಗಾಗಿ ಇನ್ನೊಂದು ಆನೆಯನ್ನು ಹಿಡಿಯಲು ಹೋಗಿ ನಮ್ಮ ಸೀಮೆಯ ಮಣ್ಣಾಯಿತು. ಆತಕೂರಿನ ಕಾಳಿ ನನಗೆ ನೆನಪಾದದ್ದು ಆಗಲೇ.

ಸುದ್ದಿ ಎಂಬ ಬೇಲಿ

ತಮಿಳುನಾಡಿನ ಆನೈಮಲೈ ಬೆಟ್ಟಗಳಲ್ಲಿ ವಾಲ್ಪಾರೈ ಎಂಬ ಚಹಾ ತೋಟಗಳ ಊರಿದೆ. ಅಲ್ಲೂ ನಮ್ಮ ಹಾಗೆಯೇ ತುಂಡು ಕಾಡು, ತೋಟ, ಕೂಲಿ ಲೈನುಗಳು. ನೇಚರ್ ಕನ್ಸರ್ವೇಶನ್ ಫೌಂಡೇಶನ್ನಿನ ಡಾ. ಆನಂದಕುಮಾರ್ ಮತ್ತು ಸಂಗಡಿಗರು ಅಲ್ಲಿ ವರ್ಷಗಟ್ಟಲೆ ಓಡಾಡಿ ಕಂಡುಕೊಂಡ ವಿಷಯ ಸರಳವಾದದ್ದು: ಸತ್ತವರಲ್ಲಿ ಹೆಚ್ಚಿನವರಿಗೆ ಆ ದಾರಿಯಲ್ಲಿ ಆನೆ ಇದೆ ಎಂದು ಗೊತ್ತಿರಲಿಲ್ಲ. ಅಷ್ಟು ದೊಡ್ಡ ಪ್ರಾಣಿ ಸದ್ದಿಲ್ಲದೆ ನಡೆಯುತ್ತದೆ, ಮಬ್ಬಿನಲ್ಲಿ ಬಂಡೆಯ ಹಾಗೆ ನಿಂತಿರುತ್ತದೆ. ಹಾಗಾಗಿ ಅವರು ಸಂಜೆ ಹೊತ್ತು ಕೇಬಲ್ ಟಿವಿಯಲ್ಲಿ ಆನೆ ಎಲ್ಲಿದೆ ಎಂದು ಬರೆಸಿದರು. ಆಮೇಲೆ ಎಸ್ಸೆಮ್ಮೆಸ್ ಕಳಿಸಿದರು. ಮೊಬೈಲಿನಿಂದಲೇ ಹೊತ್ತಿಸುವ ಕೆಂಪು ದೀಪಗಳನ್ನು ದಾರಿಯಲ್ಲಿ ನಿಲ್ಲಿಸಿದರು. ಇದೇ ಪದ್ಧತಿ ಅರಣ್ಯ ಇಲಾಖೆಯ ಜೊತೆಗೂಡಿ ಹಾಸನ ಜಿಲ್ಲೆಗೂ ಬಂತು. ಆನೆಗಳಿಗೆ ರೇಡಿಯೋ ಕಾಲರ್ ಹಾಕಿದರು. 2022ರ ಕೊನೆಯಲ್ಲಿ ಹಾಸನವೂ ಸೇರಿ ನಾಲ್ಕು ಜಿಲ್ಲೆಗಳಿಗೆ ಇಲಾಖೆಯದೇ ಆನೆ ಕಾರ್ಯಪಡೆ ಮಂಜೂರಾಯಿತು.

ನನ್ನ ಗೆಳೆಯ ಈಗ ಹಿಂಡು ಕಾಯುವ ತಂಡವೊಂದರಲ್ಲಿ ದಿನಗೂಲಿಗೆ ಇದ್ದಾನೆ. ಹೆಸರು ಬರೆಯಬೇಡ ಎಂದಿದ್ದಾನೆ. ಕಳೆದ ತಿಂಗಳು ಅವನ ಜೊತೆ ಕೂತಾಗ, ಬಹಳ ದಿನದಿಂದ ಕೇಳಬೇಕೆಂದಿದ್ದನ್ನು ಕೇಳಿಬಿಟ್ಟೆ: “ಆನೆ ಮೇಲೆ ಸಿಟ್ಟಿಲ್ವೇನೋ ನಿಂಗೆ?”

“ಸಿಟ್ಟು ಇಲ್ದೆ ಇರ್ತದಾ?” ಎಂದ. ಸ್ವಲ್ಪ ಹೊತ್ತಿನ ಮೇಲೆ, “ಹಿಂದಿನ ದಿನ ಸಂಜೆ ಆ ಸಲಗನ್ನ ಮೂರು ಜನ ನೋಡಿದ್ರು ಕಣೋ. ನಮ್ಮಪ್ಪಂಗೆ ಯಾರೂ ಹೇಳಲಿಲ್ಲ” ಎಂದ.

ಇದನ್ನು ಕೇಳಿದ ಮೇಲೆ ನನ್ನ ಒಂದು ತಪ್ಪನ್ನೂ ಇಲ್ಲಿ ಹೇಳಿಕೊಳ್ಳಬೇಕು. ಕೊರೊನಾ ಕಾಲದಲ್ಲಿ ಊರಿನಿಂದಲೇ ಕೆಲಸ ಮಾಡುತ್ತಿದ್ದಾಗ, ಆನೆಯ ಸುದ್ದಿಯ ಎಸ್ಸೆಮ್ಮೆಸ್ ಬಂದ ತಕ್ಷಣ ನಮ್ಮ ಊರಿನ ವಾಟ್ಸ್‌ಆ್ಯಪ್ ಗುಂಪಿಗೆ ತಾನಾಗಿಯೇ ಹೋಗುವ ಒಂದು ಸಣ್ಣ ಪ್ರೋಗ್ರಾಂ ಬರೆದುಕೊಟ್ಟೆ. ಎಲ್ಲರೂ ಬೆನ್ನು ತಟ್ಟಿದರು, ನಾನೂ ಉಬ್ಬಿದೆ. ಶಾಲೆಗಳು ಮತ್ತೆ ತೆರೆದ ಮೇಲೆ, ಚಳಿಗಾಲದ ಒಂದು ಬೆಳಿಗ್ಗೆ, ಗುಂಪಿಗೆ ಸುದ್ದಿ ಸರಿಯಾದ ಹೊತ್ತಿಗೇ ಬಂತು. ಓದಿದವರೂ ಬಹಳ ಜನ. ಆದರೆ ನಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಅಕ್ಕ ಅದೇ ದಾರಿಯಲ್ಲಿ ತರಕಾರಿ ಚೀಲ ಹೊತ್ತು ಬರುತ್ತಿದ್ದರು. ಅವರ ಹತ್ತಿರ ಇದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಅವರು ಗುಂಪಿನಲ್ಲಿರಲಿಲ್ಲ. ಆನೆ ಕಂಡು ಓಡಿ ಚರಂಡಿಗೆ ಬಿದ್ದು ಕೈ ಮುರಿಯಿತು. ಜೀವ ಉಳಿದದ್ದು ಪುಣ್ಯ. ಆಸ್ಪತ್ರೆಯಲ್ಲಿ ನೋಡಲು ಹೋದಾಗ ಅವರು ಕೇಳಿದ್ದು ಒಂದೇ: “ನಿಮ್ಗೆಲ್ಲ ಗೊತ್ತಿತ್ತಂತಲ್ಲಪ್ಪ?”

ಮೊನ್ನೆ ಸೂಚನಾ ಪುಸ್ತಕ ತಿರುವುವಾಗ ಇಪ್ಪತ್ತೈದು ಮೂವತ್ತು ವರ್ಷ ಹಿಂದಿನ ಒಂದು ಪುಟ ನನ್ನನ್ನು ತಡೆದು ನಿಲ್ಲಿಸಿತು. ಆಗಿನ ಮುಖ್ಯೋಪಾಧ್ಯಾಯರು ಶಾಲೆಗೆ ಮಕ್ಕಳು ಬರುವ ಹಾಡಿ, ಹಟ್ಟಿ, ಲೈನುಗಳ ಹೆಸರನ್ನೆಲ್ಲ ಒಂದರ ಕೆಳಗೊಂದು ಬರೆದಿದ್ದಾರೆ. ಪ್ರತಿ ಹೆಸರಿನ ಮುಂದೆ ಒಬ್ಬ ಮೇಷ್ಟ್ರ ಅಥವಾ ದೊಡ್ಡ ಹುಡುಗನ ಹೆಸರಿದೆ. ಆನೆಯ ಸುದ್ದಿ ಬಂದರೆ ಆ ಒಬ್ಬರು ಆ ಕೇರಿಯ ಪ್ರತಿ ಮನೆಗೂ ತಿಳಿಸಬೇಕು, ತಿಳಿಸಿದ ಮೇಲೆ ಮಾರನೆಯ ದಿನ ಸಹಿ ಹಾಕಬೇಕು. ಪುಟದ ಕೆಳಗೆ ಸಹಿಗಳಿವೆ. ಯಾರಿಗೆ ತಲುಪಿತು, ಯಾರಿಗೆ ತಲುಪಲಿಲ್ಲ ಎಂದು ನೋಡುವ ವ್ಯವಸ್ಥೆ ಅದರಲ್ಲಿತ್ತು. ಬಿ.ಇ. ಓದಿ ನಾನು ಬರೆದ ಪ್ರೋಗ್ರಾಂನಲ್ಲಿ ಅದೇ ಇರಲಿಲ್ಲ.

ಈಗಿನ ಮುಖ್ಯೋಪಾಧ್ಯಾಯಿನಿಯವರಿಗೆ ಆ ಪುಟ ತೋರಿಸಿದೆ. ಕೇರಿಗೊಬ್ಬರಂತೆ ಹೊಸ ಪಟ್ಟಿ ಮಾಡಿದ್ದೇವೆ. ಫೋನ್ ಇಲ್ಲದ ಮನೆಗಳಿಗೆ ಪಕ್ಕದ ಮನೆಯವರು ಕೂಗಿ ಹೇಳುತ್ತಾರೆ. ಬಿಸಿಯೂಟದ ಅಕ್ಕನ ಹೆಸರು ಪಟ್ಟಿಯ ಮೊದಲಲ್ಲಿದೆ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ಅರಿಕೆ

2023ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ 6,395 ಆನೆಗಳಿದ್ದವು. ದೇಶದಲ್ಲೇ ಹೆಚ್ಚು. ಅವು ಎಲ್ಲಿಗೂ ಹೋಗುವುದಿಲ್ಲ, ನಮ್ಮ ಊರೂ ಎಲ್ಲಿಗೂ ಹೋಗುವುದಿಲ್ಲ. ಬೆಳೆ ಉಳಿಸುವ ದಾರಿ, ಕಾಡಿನ ತುಂಡುಗಳನ್ನು ಮತ್ತೆ ಜೋಡಿಸುವ ದಾರಿ ಸರ್ಕಾರ ಮತ್ತು ತಜ್ಞರು ಹುಡುಕಬೇಕು, ನಾವು ಒತ್ತಾಯಿಸುತ್ತಲೇ ಇರಬೇಕು. ಅಲ್ಲಿಯವರೆಗೆ ಯಾರ ಜೀವವೂ ಹೋಗದಂತೆ ನೋಡಿಕೊಳ್ಳುವುದು ನಮ್ಮ ಕೈಯಲ್ಲೂ ಇದೆ.

ಸುವರ್ಣ ಮಹೋತ್ಸವದ ನೆನಪಿಗೆ ಶಾಲೆಯ ಮುಂದೆ ಕಲ್ಲಿನ ಕಮಾನು ಕಟ್ಟಿಸಬೇಕೆಂದು ಹಳೆಯ ವಿದ್ಯಾರ್ಥಿಗಳ ಸಂಘದಲ್ಲಿ ಮಾತು ನಡೆದಿದೆ. ಕಮಾನಿನ ಆಸೆ ನನಗೂ ಇದೆ. ಆದರೆ ತೋಟದಾಚೆಯ ಎರಡು ಲೈನುಗಳಿಂದ ಇಂದಿಗೂ ಮಕ್ಕಳು ಬೆಳಗಿನ ಮಂಜಿನಲ್ಲಿ ನಡೆದೇ ಬರುತ್ತಾರೆ. ನನ್ನ ಗೆಳೆಯನ ಅಪ್ಪ ಸತ್ತ ತಿರುವನ್ನು ದಾಟಿಯೇ ಬರಬೇಕು. ಕಮಾನಿಗೆ ಕೂಡಿಸುವ ಹಣದಲ್ಲಿ ಮೊದಲು ಆ ಮಕ್ಕಳಿಗೊಂದು ವಾಹನ, ಅದರ ಡೀಸೆಲ್ಲಿಗೆ, ಚಾಲಕರ ಸಂಬಳಕ್ಕೆ ಒಂದು ನಿಧಿ ಮಾಡೋಣ. ಉಳಿದರೆ ಕಮಾನು ಕಟ್ಟೋಣ. ನನ್ನ ಒಂದು ತಿಂಗಳ ಸಂಬಳವನ್ನು ಇದಕ್ಕೆ ಕೊಡುತ್ತೇನೆ ಎಂದು ಈ ಲೇಖನದ ಮೂಲಕವೇ ಸಂಘಕ್ಕೆ ತಿಳಿಸುತ್ತಿದ್ದೇನೆ. ಹಿಂದೆ ಸರಿಯಲು ಆಗಬಾರದು ಎಂದೇ ಅಚ್ಚಿನಲ್ಲಿ ಹೇಳುತ್ತಿದ್ದೇನೆ.

ಇನ್ನೊಂದು ಮಾತು. ಆ ಸೂಚನಾ ಪುಸ್ತಕಗಳನ್ನು ದಯವಿಟ್ಟು ರದ್ದಿಗೆ ಹಾಕಬೇಡಿ. ನಮ್ಮ ಊರಿಗೆ ಇರುವ ಶಾಸನ ಅವೇ. ಓದಿಸಿ, ಬೈದು, ಆನೆ ಬಂದ ಸಂಜೆ ಟಾರ್ಚು ಹಿಡಿದು ಲೈನಿನವರೆಗೂ ಬಂದು ಬಿಟ್ಟುಹೋಗುತ್ತಿದ್ದ ನಮ್ಮ ಗುರುಗಳಿಗೆಲ್ಲ ನಮಸ್ಕಾರಗಳು.

(ಲೇಖಕರು 2003-04ನೇ ಸಾಲಿನ ಎಸ್ಸೆಸ್ಸೆಲ್ಸಿ ತಂಡದ ವಿದ್ಯಾರ್ಥಿ. ಬಿ.ಇ. ಪದವೀಧರರು. ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಇಂಜಿನಿಯರ್.)